ಎಡೆ

ವಫ್ರಾದಲ್ಲಿ ಸೆಪ್ಟೆಂಬರಿನ ಕೊನೆ.
ಹೊರಗೆ ಇನ್ನೂ ಕಬ್ಬಿಣ ಕಾಯುವ ಬಿಸಿಲು.
ಒಳಗೆ, ಮೂರನೆಯ ನಂಬರಿನ ಹಸಿರುಮನೆಯಲ್ಲಿ,
ಒದ್ದೆ ಗೋಡೆಯಾಚೆಯಿಂದ ಫ್ಯಾನು ಎಳೆದ ಗಾಳಿಗೆ
ನೆನೆದ ಗೋಣಿಚೀಲದ ವಾಸನೆ.

ನನ್ನ ಕೈಯಲ್ಲಿ ನೈಲಾನ್ ಹುರಿ,
ಹುರಿಗೆ ನಾನೇ ಹಾಕಿದ ಗಂಟು,
ಗಂಟಿಗೊಂದು ಸೌತೆ ಸಸಿ.
ಎರಡು ಎಲೆ, ಹಿಡಿ ಬೇರು;
ಅಂಗೈಯಲ್ಲಿಟ್ಟರೆ ಇಟ್ಟ ಹಾಗೇ ಇಲ್ಲ.

ಗಂಟಿಗೂ ಗಂಟಿಗೂ ಎಷ್ಟು?
ಮಾಲೀಕ ಅಬೂ ಮಿಶಾರಿ
ಕಾರಿನ ಕಿಟಕಿ ಇಳಿಸಿ ಗೇಣು ತೋರಿಸಿದ:
ಗಿಡ ಇಮ್ಮಡಿ, ಕಾಯಿ ಇಮ್ಮಡಿ.
ಮನ್ಸೂರಾದ ಎಂಜಿನಿಯರ್ ರಿಫಾತ್
ಮೊಣಕೈ ಮಡಚಿ ಮೊಳ ತೋರಿಸಿದ.
ಕಿಟಕಿ ಮೇಲೇರಿತು.
ಕಡೆಗೆ ಮೂರು ಸಾಲು ಪರೀಕ್ಷೆಗೆ ಬಿಟ್ಟರು:
ಒಂದಕ್ಕೆ ಗೇಣು, ಒಂದಕ್ಕೆ ಮೊಳ,
ನಡುವಿನದಕ್ಕೆ ಒಂದೂವರೆ ಗೇಣು.

ಗೇಣಿನ ಸಾಲು ಮೊದಲು ಗೆದ್ದಿತು.
ಹದಿನೈದೇ ದಿನಕ್ಕೆ ನೆಲ ಕಾಣದಷ್ಟು ಹಸಿರು.
ಅಬೂ ಮಿಶಾರಿ ಅದರದೇ ಫೋಟೊ ಹಿಡಿದ.
ಆಮೇಲೆ ನೋಡಿದೆ,
ಗಿಡಗಳು ಬೆಳೆಯುತ್ತಿರಲಿಲ್ಲ, ಉದ್ದವಾಗುತ್ತಿದ್ದವು ಅಷ್ಟೇ.
ಗೆಣ್ಣಿನಿಂದ ಗೆಣ್ಣು ದೂರ,
ಕಾಂಡ ಪೆನ್ಸಿಲಿಗಿಂತ ಸಣ್ಣ,
ಒಂದರ ಹೆಗಲ ಮೇಲಿಂದ ಒಂದು
ಬೆಳಕಿಗೆ ಕತ್ತು ಚಾಚಿದವು.
ಕೆಳಗಿನ ಎಲೆ ಹಳದಿ.
ಗಾಳಿ ನುಗ್ಗದ ಕಡೆ
ರೊಟ್ಟಿಹಿಟ್ಟು ಉದುರಿಸಿದಂತೆ ಬೂದಿರೋಗ.
ಕಾಯಿ ಬಂತು, ಇಲ್ಲವೆನ್ನಲಾರೆ.
ಎಣಿಸಿದರೆ ಬಹಳ; ತೂಗಿದರೆ ಅಷ್ಟಕ್ಕಷ್ಟೆ.

ಮೊಳದ ಸಾಲಿನ ಗಿಡ
ಕಟ್ಟೆಯ ಮೇಲಿನ ಗೌಡರ ಹಾಗೆ ಕೂತವು,
ಕೈಕಾಲು ಚಾಚಿ, ಎಲೆ ಮೊರದಗಲ.
ಒಂದೊಂದೂ ಬುಟ್ಟಿ ತುಂಬ ಕೊಟ್ಟಿತು.
ಆದರೆ ಸಾಲಿಗೆ ಎಷ್ಟು ಗಿಡ?
ನಡುವಿನ ಬರಿನೆಲಕ್ಕೂ
ಅದೇ ಫ್ಯಾನು, ಅದೇ ಕರೆಂಟು,
ಅದೇ ದುಡ್ಡು ಕೊಟ್ಟ ನೀರು.
ರಿಫಾತ್ ತಲೆ ಕೆರೆದುಕೊಂಡು
ಒಂದೂವರೆ ಗೇಣಿನ ಮುಂದೆ ಬಹಳ ಹೊತ್ತು ನಿಂತ.

ಬಾಗಿಲ ಬಳಿಯ ಗಿಡದ ಮಾತು ಬೇರೆ.
ಇಕ್ಕಟ್ಟಿನ ಸಾಲಿನದೇ, ಆದರೆ ಒಂದು ಬದಿಗೆ ನೆರೆಯಿಲ್ಲ.
ನಲವತ್ತೆರಡು ಕಾಯಿ ಎಂದು ಕೂಗಿ ಹೇಳಿದೆ.
ರಿಫಾತ್ ಪೆನ್ನು ಎತ್ತಲಿಲ್ಲ.
ಅಂಚಿನ ಗಿಡ ಲೆಕ್ಕಕ್ಕಿಲ್ಲ, ಅಂದ,
ಅದರದು ಅದೃಷ್ಟ.
ಕೋಣೆಯಲ್ಲಿ ಆರು ಜನ ನಾವು;
ಬಾಗಿಲ ಬಳಿಯ ಮಂಚ ನನ್ನದು.
ಗಾಳಿ ನನಗೇ ಮೊದಲು.
ಮರಳೂ.

ಅವ್ವ ಸಜ್ಜೆಯ ಹೊಲದಲ್ಲಿ ಬಗ್ಗಿ
ಒತ್ತಾದ ಪೈರು ಕಿತ್ತುಕೊಂಡು ಹೋಗುವಳು.
ಬದುಕಿದ್ದನ್ನ ಯಾಕ ಕೀಳ್ತೀ, ಎಂದರೆ
ತಲೆ ಎತ್ತದೆ ಅನ್ನುವಳು:
‘ಎಡಿ ಬಿಡದಿದ್ರ, ಎಡಿಗೆ ಕಾಳಿರೂದಿಲ್ಲ.’
ಸಾಲಿನಲ್ಲಿ ಬಿಡುವುದೂ ಎಡೆ,
ಎಲೆಯ ಮೇಲೆ ಇಡುವುದೂ ಎಡೆ.
ಆಗ ಹೊಳೆದಿರಲಿಲ್ಲ.

ಈ ವರ್ಷ ಎಲ್ಲ ಹಸಿರುಮನೆಗೂ ಒಂದೂವರೆ ಗೇಣು.
ಹುರಿಯ ಹಳೆ ಗಂಟು ಬಿಚ್ಚಿ ಹೊಸದು ಹಾಕಿದೆ.
ಮಹಾಲಯ ಅಮಾವಾಸ್ಯೆಯ ದಿನವೇ ನಾಟಿ ಬಂತು.
ರಜೆ ಕೇಳುವ ಹಾಗಿಲ್ಲ.
ಹನ್ನೊಂದನೆಯ ಸಾಲಿನಲ್ಲಿ
ಒಂದು ಗಂಟಿಗೆ ಸಸಿ ಇಡಲಿಲ್ಲ.
ಡಬ್ಬಿಯ ಅನ್ನ ಒಂದು ತುತ್ತು, ಬೆಲ್ಲದ ಚೂರು,
ಆ ಕುಳಿಯಲ್ಲಿಟ್ಟೆ.
ಪ್ಲಾಸ್ಟಿಕ್ ಮಾಡಿನೊಳಗೆ ಕಾಗೆ ಬರಲಾರದು;
ಸಂಜೆಯೊಳಗೆ ಇರುವೆ ಬಂದವು.

ಹಿಂದಿನಿಂದ ನೀರು ಬಿಡುತ್ತ ಬಂದ ಬೋರಹಾನ್ ನಿಂತ:
ಭಾಯ್, ಇಲ್ಲೊಂದು ಬಿಟ್ಟಿದ್ದೀಯ.
ಹೌದು, ಬಿಟ್ಟಿದ್ದೇನೆ, ಎಂದೆ.
ಎಡೆ ಎನ್ನಲು
ನನಗೆ ಬರುವ ಹಿಂದಿಯಲ್ಲಿ ಮಾತಿರಲಿಲ್ಲ.

ಕೊನೆಯ ಕೊಯ್ಲಿನವರೆಗೂ
ಅದರ ಎಡಬಲದ ಎರಡು ಗಿಡ ಬೇರೆಯಾಗಿ ಎಣಿಸಿದೆ.
ಉಳಿದವಕ್ಕಿಂತ ಒಂದಕ್ಕೆ ಆರು ಹೆಚ್ಚು, ಒಂದಕ್ಕೆ ಐದು.
ರಿಫಾತನಿಗೆ ಹೇಳಲಿಲ್ಲ.
ಒಂದು ಕಾಯಿ ಸೀಳಿ, ಉಪ್ಪು ಹಚ್ಚಿ
ಬೋರಹಾನನಿಗೆ ಅರ್ಧ ಕೊಟ್ಟೆ.
ಸಾಲಿನ ನಡುವೆ,
ಇಬ್ಬರು ಕೂರುವಷ್ಟು ಜಾಗದಲ್ಲಿ,
ಮಾತಿಲ್ಲದೆ ತಿಂದೆವು.