ಮೊಳಿಪಟ್ಟಿ

ಮುಲುಂಡದಾಗ ಹದಿನೆಂಟು ಮಾಳಿಗಿಯ ಕಟ್ಟಡ, ಅದರ ಬೆನ್ನಿಗೆ ಒಂದು ಗ್ವಾಡಿ.
ಗ್ವಾಡಿಯಾಚೆ ಅಡವಿ. ಈಚೆ ನನ್ನ ಕುರ್ಚಿ, ನನ್ನ ಸೀಟಿ,
ತಗಡಿನ ಖೋಲ್ಯಾಗ ನೀಲವ್ವ, ಎರಡು ಆಡು,
ಮತ್ತ ಒಂದು ಕಾಲೆತ್ತಿ ನಿಂತು
ಯಾವಾಗಲೂ ಏನೋ ಲೆಕ್ಕ ಹಾಕೋ ನಾಯಿ, ಗಿಡ್ಡಿ.

ಹೋದ ಅಮಾಸಿಗೆ ಏಳನೇ ಮಾಳಿಗಿಯವರ ಬಿಳೀ ನಾಯಿ ಹೋತು.
ಉಚ್ಚಿಗೆ ಅಂತ ಕೆಳಗ ಬಿಟ್ಟಿದ್ರು.
ಸ್ವೆಟರ್ ತೊಡ್ತಿತ್ತು ಅದು, ಕೆಂಪಂದು,
ನನ್ನ ಮಗನ ಸ್ವೆಟರಿಗಿಂತ ಚಲೋದು.
ಗ್ವಾಡಿ ಬುಡದಾಗ ಅದರ ಒಂದು ತೋಳು ಸಿಕ್ತು, ಅಷ್ಟ.

ಮರುದಿನ ಮೀಟಿಂಗು. ಕ್ಯಾಮೆರಾದಾಗಿಂದು ಪರದೆ ಮ್ಯಾಲ ಹಾಕಿದ್ರು:
ಎರಡು ಹೊಡೆದು ಹದಿನಾಲ್ಕು ನಿಮಿಷ.
ಗ್ವಾಡಿ ಮ್ಯಾಲಿಂದ ಎಣ್ಣಿ ಸುರುವಿದಂಗ ಇಳೀತದ ಚಿರತಿ,
ಇಳಿದು, ನನ್ನ ಕುರ್ಚಿ ಹಿಂದಿಂದ ಹಾಯ್ದು ಹೋಗ್ತದ.
ಎಚ್ಚರಿದ್ದೆ ಅಂತ ಬೀರದೇವರ ಆಣಿ ಮಾಡಿದೆ.
ಪರದೆ ಮ್ಯಾಲಿನ ಮನಿಷಾ ಮಾತ್ರ
ಗದ್ದ ಎದಿಗೆ ಹಚ್ಚಿ ತೂಕಡಿಸ್ಲಿಕತ್ತಿದ್ದ.

ಪಂಜರಾ ಇಡಸ್ರಿ ಅಂದ್ರು ಕಾರ್ಖಾನೀಸ್ ಸಾಹೇಬ್ರು.
ತಂತಿಗೆ ಕರೆಂಟ್ ಬಿಡ್ರಿ ಅಂದ್ರು ಇನ್ನೊಬ್ರು.
ಅರಣ್ಯ ಇಲಾಖೆಯ ಹುಡುಗಿ ಬೂಟಿನ ಕೆಸರು ಒರಸ್ಕೋತ ಅಂದ್ಲು:
ಇದನ್ನ ಒಯ್ದ್ರ ಜಾಗಾ ಖಾಲಿ ಉಳಿಯೂದಿಲ್ಲ,
ಬ್ಯಾರೇದು ಬರ್ತದ. ಅದಕ್ಕ ನಿಮ್ಮ ಗುರ್ತಿರೂದಿಲ್ಲ.

ನಮ್ಮಪ್ಪ ಮಾಳಪ್ಪ ಶಾಲಿ ಕಂಡಾಂವಲ್ಲ.
ಡೋಣಿ ದಂಡಿಗುಂಟ ಕುರಿ ಹಿಂದ ತಿರಗಿದಾಂವ.
ತ್ವಾಳ ನಾಯಿ ಕುತಿಗಿಗೇ ಬಾಯಿ ಹಾಕ್ತದ,
ಆ ಬಾಯಿಗೆ ಮೊದಲ ಮೊಳಿ ಸಿಗಬೇಕು ಅಂತಿದ್ದ.
ಎಣ್ಣಿ ಡಬ್ಬಿಯ ತಗಡು ಕತ್ತರಿಸಿದೆ,
ಹಳೇ ಸ್ಕೂಟರಿನ ಟೈರು, ಸೆಂಟ್ರಿಂಗಿನವರು ಚೆಲ್ಲಿದ ಮೊಳಿ.
ನಲವತ್ತು ಮೊಳಿ. ಗಿಡ್ಡಿಗೆ ಕಟ್ಟಿದೆ.

ಮೂರು ದಿನ ಅದು ತಲಿ ಎಲ್ಲಿಡಬೇಕು ತಿಳೀದ ಕುಂತಿತು.
ಮೊದಲ ನನ್ನ ಪಾದದ ಮ್ಯಾಲಿಟ್ಟು ಮಲಗ್ತಿತ್ತು.
ಆಡು ಹತ್ರ ಸುಳೀಲಿಲ್ಲ.
ಅನ್ನ ಹಾಕಾಕ ಬಗ್ಗಿದ ನೀಲವ್ವನ ಮುಂಗೈಗೆ ಗೀರಿತು,
ಹಚ್ಚಿ ಹಾಕಿದಂಗ ಐದು ಗೆರಿ.
ಏಳನೇ ಮಾಳಿಗಿಯ ಬಾಯಿ ಇಳಿದು ಬಂದು ಕೇಳಿದ್ಲು,
ಹೊಸಾ ಮರಿಗೂ ಒಂದು ಮಾಡಿಕೊಡ್ತೀಯೇನು,
ಮೊಳಿ ಸ್ವಲ್ಪ ಚಂದನ್ನವು ಹಾಕಿ?

ಆಗ ಗ್ವಾಡಿಯಾಚೆ ಪಾಡಾದ ಸೋನಿಬಾಯಿ
ಸೊಪ್ಪಿನ ಬುಟ್ಟಿ ಇಳಿಸಿ ನಕ್ಕಳು.
ವಾಘೋಬಾ ತನ್ನ ದಾರಿ ಹಿಡದು ಹೋಗ್ತಾನ, ಅಂದ್ಲು.
ನಾಯಿ ನಿಮ್ಮ ಎಂಜಲಿಗೆ ಬರ್ತಾವ, ಅಂವ ನಾಯಿಗೆ ಬರ್ತಾನ.
ಹಿಂದಿನ ಗೇಟಿನ ಡ್ರಮ್ಮಿನ ಕಡೆ ಬಳ್ಳು ಮಾಡಿದ್ಲು.
ಅದರಾಗ ಕೋಳಿ ಎಲಬು, ಹುಟ್ಟಿದಬ್ಬದ ಕೇಕು,
ಸುತ್ತ ಒಂಬತ್ತು ಬೀದಿನಾಯಿ, ಬೀಗರಂಗ.

ಈಗ ಹತ್ತಕ್ಕ ಡ್ರಮ್ಮು ಎಳೀತೀನಿ ಮುಂದಿನ ರಸ್ತೆಗೆ,
ಪಗಾರದಾಗ ಇಲ್ಲದ ಕೆಲಸ.
ಗಿಡ್ಡಿ ಒಳಗ, ಆಡು ಒಳಗ, ಬಾಗಲಕ್ಕ ಕಬ್ಬಿಣದ ಅಗಳಿ.
ಪಟ್ಟಿ ಮೊಳಿಗೆ ತೂಗ್ಯಾದ.

ಮೊನ್ನಿ ಬಂದಿತ್ತು.
ಗ್ವಾಡಿ ಮ್ಯಾಲ ಕುಂತು ಬಾಲ ಈ ಕಡೆ ಬಿಟ್ಟು
ಡ್ರಮ್ಮಿದ್ದ ಜಾಗಾ ನೋಡಿತು. ನನ್ನ ನೋಡಿತು.
ಸೀಟಿ ಬಾಯಾಗಿತ್ತು, ಉಸುರು ಸಾಲಲಿಲ್ಲ.
ಖೋಲ್ಯಾಗ ಗಿಡ್ಡಿ ಬೊಗಳಲಿಲ್ಲ, ಬರೇ ನೆಲ ಕೆರೀತಿತ್ತು.
ಆಮ್ಯಾಲ ಬಾಲ ಆ ಕಡೆ ಹೋತು.

ಮುಂಜಾನೆ ಸಾಹೇಬ್ರಿಗೆ ಹೇಳಿದೆ,
ಕ್ಯಾಮೆರಾ ನೋಡ್ರಿ, ನಾ ನಿಂತಿದ್ದೆ, ಕಣ್ಣು ತೆರದಿದ್ದೆ.
ಯಾರದರೆ ಏನರೆ ಹೋತೇನು ಅಂದ್ರು.
ಇಲ್ರಿ.
ಮತ್ತ್ಯಾಕ ನೋಡೂದು ಅಂದು ಲಿಫ್ಟಿನ ಗುಂಡಿ ಒತ್ತಿದ್ರು.

ಏನೂ ಆಗದ ರಾತ್ರಿ ಏಳು ದಿನ ಇರ್ತದಂತ ಡಬ್ಬ್ಯಾಗ,
ಆಮ್ಯಾಲ ತಾನಾಗೇ ಅಳಿಸಿ ಹೋಗ್ತದ.
ಇವತ್ತಿಗೆ ಐದು.