ಆರು ಗಂಟೆಯ ಗಾಳಿ

ಆ ಆರು ಗಂಟೆ ನಾನು ಬರೆದದ್ದು.
ಒಂದೇ ಸಾಲು, ಏಳು ವರ್ಷದ ಹಿಂದೆ,
ಊಟಕ್ಕೆ ಮೊದಲು ಮುಗಿಸಿಬಿಡುವ ಅವಸರದಲ್ಲಿ:
ಗಾಳಿಯ ಮುನ್ಸೂಚನೆ ಬಂದರಿಗೆ ಹೋಗಲಿ, ಬೆಳಿಗ್ಗೆ ಆರಕ್ಕೆ.
ಆರು ಯಾಕೆ ಎಂದು ಯಾರೂ ಕೇಳಲಿಲ್ಲ.
ಆರಕ್ಕೆ ನನಗೆ ಎಚ್ಚರವಾಗುತ್ತದೆ, ಅಷ್ಟೇ.

ಕೋಡಿಬಾಗದ ತಿರುವಿನಲ್ಲಿ, ಬಲೆ ಹಗ್ಗ ಮಾರುವ ಅಂಗಡಿಯ ಮೇಲೆ
ನಮ್ಮ ಆಫೀಸು. ಹನ್ನೊಂದು ಕುರ್ಚಿ,
ಉಪ್ಪುಗಾಳಿ ತಿಂದ ಕಿಟಕಿ ಸರಳು,
ಗೋಡೆಗೊಂದು ಕೆಲಸದ ಹಲಗೆ, ಹಲಗೆ ತುಂಬ ಚೀಟಿ,
ಪ್ರತಿ ಚೀಟಿಗೂ ಒಬ್ಬರ ಹೆಸರು.
ಹೆಸರಿಲ್ಲದ್ದು ಇಲ್ಲಿ ಕೆಲಸವಲ್ಲ.

ಸುಲಕ್ಷಾ ತಾಂಡೇಲ ಸೇರಿದ್ದು ಟೆಸ್ಟರ್ ಆಗಿ,
ಗುಂಡಿ ಒತ್ತಿ ನೋಡುವ ಕೆಲಸ.
ಎಲ್ಲ ಗುಂಡಿಯೂ ಸರಿಯಾಗಿಯೇ ಇದ್ದವು.
ಆಮೇಲೆ ಅವಳು ಯಾರೂ ಹೇಳದ್ದೊಂದು ಮಾಡಿದಳು:
ರಾತ್ರಿ ಎರಡೂವರೆಗೆ ಅಣ್ಣನ ಸ್ಕೂಟರು ಹತ್ತಿ ಬೈತಖೋಲಕ್ಕೆ ಹೋಗಿ
ಐಸು ತುಂಬುವವರ ನಡುವೆ
ಬುಟ್ಟಿಯೊಂದನ್ನು ಕವುಚಿ ಹಾಕಿ ಕೂತಳು.

ಮೂರಕ್ಕೆ ಮೊದಲ ಬೋಟು.
ಮೂರೂಕಾಲಕ್ಕೆ ಹದಿನಾಲ್ಕು.
ನಾಲ್ಕಕ್ಕೆ ಜೆಟ್ಟಿ ಖಾಲಿ; ಒಂದು ನಾಯಿ, ಎರಡು ಬಲ್ಬು.
ಆರಕ್ಕೆ ಬಂತು ನಮ್ಮ ಸಂದೇಶ, ಕ್ಷಣವೂ ತಡವಿಲ್ಲದೆ,
ದಡದಲ್ಲಿ ಮಲಗಿದ್ದವರ ಫೋನುಗಳಿಗೆ.
ಗಾಳಿಗೆ ಎದೆ ಕೊಡಬೇಕಾದವರು ಆಗಲೇ
ದೇವಗಡದ ದೀಪ ದಾಟಿ, ರೇಂಜು ದಾಟಿ.

ಮಾರನೇ ದಿನ ಹಲಗೆಯ ಮೂಲೆಗೆ ಹೆಸರಿಲ್ಲದ ಚೀಟಿ:
‘ಮೂರಕ್ಕೆ ಹೋಗುವವರಿಗೆ ಆರಕ್ಕೆ ಹೇಳಿದರೆ
ಅದು ಎಚ್ಚರಿಕೆಯಲ್ಲ, ವರದಿ.’

ನನಗೆ ಸಿಟ್ಟು ಬಂತು. ಬರಬೇಕಾದ್ದೇ.
ಒಪ್ಪಂದದಲ್ಲಿಲ್ಲ ಎಂದೆ. ಇಲಾಖೆ ಕೇಳಿಲ್ಲ ಎಂದೆ.
ಬಂದರಿನವರೂ ಕೇಳಿಲ್ಲವಲ್ಲ ಎಂದೆ.
ಅವಳು ದನಿ ಏರಿಸಲಿಲ್ಲ:
‘ಅವರು ಕೇಳೋದು ಎಲ್ಲಿ ಸರ್?
ನಮ್ಮ ಆ್ಯಪಿನಲ್ಲಿ ಕೇಳೋ ಜಾಗವೇ ಇಲ್ಲ.’

ಹವಾಮಾನದ ಕಡತ ರಾತ್ರಿ ಹನ್ನೊಂದೂವರೆಗೇ ಬಂದು ಬೀಳುತ್ತಿತ್ತು.
ಆರೂವರೆ ತಾಸು ನನ್ನ ಸಾಲಿನೊಳಗೆ ಕೂತಿರುತ್ತಿತ್ತು
ಕೊನೇ ಬಸ್ಸು ತಪ್ಪಿದವನ ಹಾಗೆ, ಮೊಣಕಾಲು ಅಪ್ಪಿಕೊಂಡು.
ಇದು ನನಗೆ ಗೊತ್ತಿತ್ತೇ?
ಗೊತ್ತಿತ್ತು. ಗೊತ್ತಿರುವುದು ನನ್ನ ಚೀಟಿಯಲ್ಲಿರಲಿಲ್ಲ.

ಶುಕ್ರವಾರ ಐದಾದರೂ ದುರ್ಗೇಶ ಪಡ್ತಿ ಏಳಲಿಲ್ಲ.
ಮಶೂದಾ ಮನೆಗೆ ಹೋಗಿ, ಡಬ್ಬಿ ತುಂಬ ತಿಂಡಿ ಹಿಡಿದು, ತಿರುಗಿ ಬಂದಳು.
ಓವರ್‌ಟೈಮಿಲ್ಲ, ಗುಂಪಿಗೊಂದು ಹೆಸರಿಲ್ಲ, ಟೀಶರ್ಟಿಲ್ಲ.
ಸುಲಕ್ಷಾಳ ಮಾವ ವಿಠೋಬ ಬಂದು, ಮೈಕಿಗೆ ಹೆದರಿ,
ಮೂರು ಸಲ ಕೆಮ್ಮಿ, ಕಡೆಗೆ ಹೇಳಿದ:
‘ವಾರೆಂ ಆಸಾ, ಪಯ್ಸ್ ವಚನಾಕಾತ್.’
ಗಾಳಿಯಿದೆ, ದೂರ ಹೋಗಬೇಡಿ.
ನಮ್ಮ ಇಂಗ್ಲಿಷ್ ಸಂದೇಶದಲ್ಲಿ ಇದೇ ಮಾತಿತ್ತು,
ಗಂಟೆಗಿಷ್ಟು ನಾಟು ಎಂಬ ಅಂಕಿಯ ಹಿಂದೆ ಅಡಗಿಕೊಂಡು.

ಆ ಸಾಲು ಅಳಿಸುವ ಕೀಲಿ ಅವಳ ಬಳಿಯೂ ಇತ್ತು.
ಅಳಿಸಲಿಲ್ಲ. ಕೀಬೋರ್ಡನ್ನು ನನ್ನ ಕಡೆ ಸರಿಸಿದಳು.
ಮಾಲೀಕರಿಗೆ ಫೋನು ಮಾಡಿದೆ. ‘ನಿಮ್ಮ ಜವಾಬ್ದಾರಿ’ ಎಂದರು.
ಆರು ಹೋಗಿ ಎರಡಾಯಿತು.

ಮೊದಲ ರಾತ್ರಿಯೇ ಎಡವಟ್ಟು: ಒಂದೇ ಸಂದೇಶ
ಒಂಬತ್ತು ಸಲ ಹೋಗಿ ಅರ್ಧ ಬಂದರಿನ ನಿದ್ದೆ ಕೆಟ್ಟಿತು.
ಹನ್ನೆರಡು ಮಂದಿ ಫೋನು ಮಾಡಿ ಬೈದರು,
ಬರೆಯಲಾಗದ ಬೈಗುಳ, ಒಬ್ಬೊಬ್ಬರದೂ ಒಂದೊಂದು ಘಾಟು.
ಸುಲಕ್ಷಾ ಎಲ್ಲವನ್ನೂ ವಹಿಯಲ್ಲಿ ಬರೆದುಕೊಂಡಳು, ನಗುತ್ತ.
ಏಳು ವರ್ಷದಲ್ಲಿ ಮೊದಲ ಸಲ
ಬಂದರು ನಮ್ಮ ಜೊತೆ ಮಾತಾಡಿತ್ತು.

ಯಾರ ಜೀವ ಉಳಿಯಿತು, ಎಷ್ಟು ಬೋಟು ತಿರುಗಿದವು,
ನಾನು ಹೇಳಲಾರೆ. ಗಾಳಿ ಲೆಕ್ಕ ಕೊಡುವುದಿಲ್ಲ.
ಹಲಗೆಯ ಒಂದು ಮೂಲೆ ಈಗ ಹೆಸರಿಲ್ಲದವುಗಳಿಗೆ ಬಿಟ್ಟದ್ದು.
ಮೀನು ಮಾರುವವರ ಲೆಕ್ಕದ ಪುಟ ಎರಡೇ ನಿಮಿಷಕ್ಕೆ ಮುಚ್ಚಿಕೊಳ್ಳುತ್ತದೆ;
ಒದ್ದೆ ಬೆರಳು ಪರದೆಗೆ ತಿಳಿಯುವುದಿಲ್ಲ.
ಹೊಸಬರು ಬಂದು ಕೇಳುತ್ತಾರೆ: ‘ಏನು ಮಾಡಬೇಕು ಸರ್?’
ನನಗೂ ಹೇಳಿ ಅಭ್ಯಾಸ. ನಾಲಿಗೆ ಕಚ್ಚಿಕೊಳ್ಳುತ್ತೇನೆ.

ನಿನ್ನೆ ಹೊಸ ಹುಡುಗನೊಬ್ಬ ಕೆಳಗಿನ ಅಂಗಡಿಯಿಂದ
ಒಂದು ಮಗ್ಗು ನೀರು ಇಸಕೊಂಡು ಬಂದು
ಬೆರಳು ಅದ್ದಿ ಅದ್ದಿ ಪರದೆ ಒತ್ತುತ್ತಿದ್ದ.
ಅದು ಯಾರ ಚೀಟಿ ಎಂದು
ನಾನು ಕೇಳಲಿಲ್ಲ.