ಝೀರೋ ನೋಡಿ ಸಾರ್

ಬಂಕಿನ ಹುಡುಗ ಹೇಳುತ್ತಾನೆ: ಝೀರೋ ನೋಡಿ ಸಾರ್.
ನೋಡುತ್ತೇನೆ. ಮೂವತ್ತನಾಲ್ಕು ವರ್ಷ
ತೂಕ ಅಳತೆ ಇಲಾಖೆಯಲ್ಲಿ ನೋಡಿದ್ದೇ ಅದನ್ನು.
ಸೊನ್ನೆ ಸೊನ್ನೆಯಲ್ಲೇ ನಿಂತಿದೆಯೆ,
ತಕ್ಕಡಿಯ ಮುಳ್ಳು ನಡುವಿಗೆ ಬಂದು ಉಸಿರು ಹಿಡಿದಿದೆಯೆ,
ಸೀಸದ ಮುದ್ರೆಗೆ ಯಾರದಾದರೂ ಉಗುರು ತಾಗಿದೆಯೆ.

ನಳಿಕೆ ಟಕ್ಕೆಂದರೆ ಸಾಕು,
ಮೇಲೆ ರೌಂಡ್ ಫಿಗರ್ ಮಾಡಬೇಡ ಎಂದು ಗದರುತ್ತೇನೆ.
ಅವನಿಗೆ ನಗು. ಹಿಂದಿನ ಸ್ಕೂಟರಿಗೆ ಅವಸರ.
ಡೈರಿಯಲ್ಲಿ ಬರೆಯುತ್ತೇನೆ: ಮೂವತ್ತೊಂದು ಲೀಟರ್ ನಾನೂರು ಮಿಲಿ,
ಓಡಿದ್ದು ನಾನೂರ ಎಂಬತ್ತಾರು.
ಭಾಗಿಸಿದರೆ ಹದಿನೈದೂವರೆಗೆ ಕೂದಲೆಳೆ ಕಮ್ಮಿ.
ಕಾರಿನ ಪರದೆ ಮಾತ್ರ ಹದಿನೇಳು ಪಾಯಿಂಟ್ ಎರಡು ಎಂದು
ಮದುವೆ ದಲ್ಲಾಳಿಯ ಹಾಗೆ ಮುಗುಳ್ನಗುತ್ತದೆ.

ಭಾನುವಾರ ಬೆಳಿಗ್ಗೆ ಐದೂವರೆಗೆ ನೈಸ್ ರಸ್ತೆ.
ಫ್ಲಾಸ್ಕಿನಲ್ಲಿ ಕಾಫಿ,
ಕಿಲೋಮೀಟರ್ ಕಲ್ಲು ಬಂದಾಗ ಕೂಗಲು ವಿಮಲಾಕ್ಷಿ.
ಮುಳ್ಳು ಎಂಬತ್ತು ಅನ್ನುವಾಗ ಕಲ್ಲಿಂದ ಕಲ್ಲಿಗೆ
ನಲವತ್ತೆಂಟು ಸೆಕೆಂಡು. ಅಂದರೆ ಎಪ್ಪತ್ತೈದು.
"ಇನ್ನೈದು ಎಲ್ಲಿ ಹೋಯ್ತು?" ಅವಳು ಕೇಳಿದಳು,
ಸಕ್ಕರೆ ಡಬ್ಬದ ತಳ ಕಂಡವಳಂತೆ.
ಎಲ್ಲೂ ಹೋಗಿಲ್ಲ. ಇರಲೇ ಇಲ್ಲ.
ಕಂಪನಿಯವರೇ ಮುಳ್ಳಿಗೆ ಕಲಿಸಿದ ಪಾಠ:
ಬೇಕಾದರೆ ಹೆಚ್ಚು ಹೇಳು, ಕಮ್ಮಿ ಮಾತ್ರ ಹೇಳಬೇಡ.
ಒಲೆಯ ಹತ್ತಿರ ಕೈ ಚಾಚಿದ ಮಗುವಿಗೆ
"ಸುಟ್ಟೋಯ್ತು!" ಎಂದು ಅಮ್ಮ ಮೊದಲೇ ಕಿರುಚುವ ಹಾಗೆ.

ಸಿಲ್ಕ್ ಬೋರ್ಡಿನಲ್ಲಿ ಅದೇ ಮುಳ್ಳು ಅಪ್ಪಟ ಸತ್ಯವಂತ.
ಇಪ್ಪತ್ತೆರಡು ನಿಮಿಷ, ಯಾರೂ ಹೇಳದೆಯೇ,
ಝೀರೋ ನೋಡಿದೆ.
ನಿಂತದ್ದು ದೂರದ ಲೆಕ್ಕಕ್ಕೆ ಸೇರುವುದಿಲ್ಲ,
ಪೆಟ್ರೋಲಿನ ಲೆಕ್ಕ ಬಿಡುವುದಿಲ್ಲ.
ಎಷ್ಟು ದೂರ ಎಂದು ಕೇಳಿದರೆ ಈ ಊರಲ್ಲಿ
"ಮುಕ್ಕಾಲು ಗಂಟೆ" ಎನ್ನುತ್ತಾರೆ.
ಇಲಾಖೆಯ ಯಾವ ಅಳತೆಕೋಲಿನಲ್ಲೂ ಆ ಗೆರೆ ಇರಲಿಲ್ಲ.

ಓಡೋಮೀಟರು ರಸ್ತೆಯನ್ನು ನೋಡುವುದೇ ಇಲ್ಲ,
ಚಕ್ರದ ಸುತ್ತು ಎಣಿಸುತ್ತದೆ, ಅಷ್ಟೆ.
ಟೈರು ಸವೆದರೆ ಚಕ್ರ ಕಿರಿದು, ಸುತ್ತು ಜಾಸ್ತಿ.
ಅದೇ ಬನಶಂಕರಿ, ಅದೇ ಯಶವಂತಪುರ,
ಬೋಳು ಟೈರಿಗೆ ಮಾತ್ರ ಇನ್ನಷ್ಟು ದೂರ.

ಇದನ್ನು ನನಗೆ ಮೊದಲು ಹೇಳಿದವನು ಮುನಿಕೆಂಪಯ್ಯ.
ತೊಂಬತ್ತನಾಲ್ಕನೇ ಇಸವಿ, ಕಲಾಸಿಪಾಳ್ಯ, ಮಧ್ಯಾಹ್ನದ ತಪಾಸಣೆ.
ಅವನ ಆಟೋ ಮೀಟರು ನೂರಕ್ಕೆ ಎಂಟು ಮುಂದೆ ಓಡುತ್ತಿತ್ತು.
"ಟೈರು ಬೋಳಾಗದೆ ಸಾಮಿ, ಅದ್ಕೇ ಜಾಸ್ತಿ ತೋರಿಸ್ತದೆ."
ನಾವು ಮೂವರೂ ನಕ್ಕೆವು. ಜವಾನ ಹೆಚ್ಚು ನಕ್ಕ.
ಮುದ್ರೆ ಕತ್ತರಿಸಿದೆ, ದಂಡ ಬರೆದೆ,
ಷರಾ ಕಾಲಮ್ಮಿನಲ್ಲಿ "ಕುಂಟು ನೆಪ" ಎಂದು ಸೇರಿಸಿದೆ.
ಅವನಿಗೆ ಓದಲು ಬರುತ್ತಿರಲಿಲ್ಲ. ಆದರೂ ಆ ಎರಡು ಪದವನ್ನೇ
ಬಹಳ ಹೊತ್ತು ನೋಡಿದ.

ಮೊನ್ನೆ ಜೆ.ಸಿ. ರಸ್ತೆಯಲ್ಲಿ
ಸವೆದ ಆಟೋ ಟೈರೊಂದಕ್ಕೆ ಟೇಪು ಸುತ್ತಿದೆ.
ಪಕ್ಕದ ಹೊಸದಕ್ಕೂ ಸುತ್ತಿದೆ.
"ಏನ್ ಬೇಕಿತ್ತು ಯಜಮಾನ್ರೇ?" ಅಂದ ಅಂಗಡಿಯವ.
ವ್ಯತ್ಯಾಸ, ನೂರಕ್ಕೆ ಎರಡೂವರೆ.

ಅಂದರೆ ಎಂಟರಲ್ಲಿ ಐದೂವರೆ ಸುಳ್ಳು.
ಯಾರೋ ಒಳಗಿನ ಹಲ್ಲುಚಕ್ರ ಬದಲಿಸಿದ್ದರು.
ದಂಡ ಸರಿಯೇ. ಇವತ್ತಾದರೂ ಬರೆಯುತ್ತೇನೆ.
ಉಳಿದ ಎರಡೂವರೆಯನ್ನು
ಡೈರಿಯ ಕೊನೆಯ ಪುಟದಲ್ಲಿ, ಅವನ ಹೆಸರಿನ ಮುಂದೆ,
ಜಮಾ ಎಂದು ಬರೆದಿಟ್ಟೆ.

ಕನ್ನಡಕ ಹುಡುಕುತ್ತ ಬಂದ ವಿಮಲಾಕ್ಷಿ ಓದಿ ಕೇಳಿದಳು:
ಇದೇನು, ಲೀಟರೋ, ಕಿಲೋಮೀಟರೋ?